ಹಳೆಯ ಜೀಪಿಗೆ ಹೊಸ ಎಂಜಿನು: ಶಕ್ತಿ, ವೇಗ ಮತ್ತು ಹಿಡಿತಗಳ ವಿವೇಚನೆ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳ ಬಹುಭಾಗವು ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವೆ ಹರಡಿಕೊಂಡಿರುವ ಎರಿ ಭೂಮಿಯಾಗಿದೆ. ಬೇಸಿಗೆಯಲ್ಲಿ ಮೊಳಕಾಲುದ್ದ ಬಿರುಕು ಬಿಡುವ, ಮಳೆ ಬಿದ್ದೊಡನೆ ಅಂಟಿನಂತಾಗಿ ಗಾಲಿಯನ್ನು ಹಿಡಿದುಕೊಳ್ಳುವ ಈ ನೆಲದ ಮೇಲೆ ಸ್ವಾತಂತ್ರ್ಯಾನಂತರದ ವರ್ಷಗಳಿಂದ ನಡೆದುಬಂದ ಮೋಟಾರು ವಾಹನಗಳಲ್ಲಿ ಜೀಪಿಗೆ ವಿಶಿಷ್ಟವಾದ ಸ್ಥಾನವುಂಟು. ಅವುಗಳಲ್ಲಿ ಕೆಲವು ಇಂದಿಗೂ ಓಡುತ್ತಿವೆ. ಆದರೆ ಅವು ಹುಟ್ಟುವಾಗ ಹೊತ್ತು ಬಂದ ಎಂಜಿನು ಅವುಗಳ ಒಡಲಲ್ಲಿ ಉಳಿದಿರುವುದು ಅಪರೂಪ. ಪೆಟ್ರೋಲ್ ಎಂಜಿನಿನ ಜಾಗದಲ್ಲಿ ಡೀಸೆಲ್ ಎಂಜಿನನ್ನೂ, ಅದರ ಜಾಗದಲ್ಲಿ ಇನ್ನೂ ಪ್ರಬಲವಾದ ಈಚಿನ ಎಂಜಿನನ್ನೂ ಕೂಡಿಸುವ ಕೆಲಸವು ಕರ್ನಾಟಕದ ಅನೇಕ ಊರುಗಳ ಗ್ಯಾರೇಜುಗಳಲ್ಲಿ ನಡೆಯುತ್ತ ಬಂದಿದೆ.

ಹೀಗೆ ಎಂಜಿನನ್ನು ಬದಲಿಸಿದಾಗ ಗಾಡಿಯ ನಡವಳಿಕೆಯಲ್ಲಿ ಏನೇನು ಬದಲಾಗುತ್ತದೆ, ಏಕೆ ಬದಲಾಗುತ್ತದೆ ಎಂಬುದನ್ನು ಕಾಲೇಜಿನ ಭೌತಶಾಸ್ತ್ರಕ್ಕೆ ಮೀರದ ಲೆಕ್ಕಗಳಿಂದ ತಿಳಿಯಪಡಿಸುವುದು ಪ್ರಕೃತ ಲೇಖನದ ಉದ್ದೇಶ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ಹಳೆಯ ಜೀಪಿನಲ್ಲಿ ಎಂಜಿನಿನ ಮಿತಿಯೇ ಬ್ರೇಕು, ಸ್ಟಿಯರಿಂಗು ಮತ್ತು ಅಚ್ಚುಗಳಿಗೆ ಕಾವಲಾಗಿತ್ತು. ಆ ಕಾವಲನ್ನು ತೆಗೆದವನು ಅದರ ಸ್ಥಾನದಲ್ಲಿ ಬೇರೊಂದನ್ನು ಇಡದಿದ್ದರೆ, ಅವನು ಗಾಡಿಯನ್ನು ಬಲಪಡಿಸಿದಂತಾಗುವುದಿಲ್ಲ, ದುರ್ಬಲಗೊಳಿಸಿದಂತಾಗುತ್ತದೆ.

೧. ನೆಲವೂ ಗಾಡಿಯೂ

ಎರಿ ಮಣ್ಣಿನ ಸ್ವಭಾವವು ಅದರ ಜೇಡಿಯ ಕಣಗಳಿಂದ ಬಂದುದು. ಈ ಕಣಗಳ ಪದರಗಳ ನಡುವೆ ನೀರು ಸೇರಿದಾಗ ಮಣ್ಣು ಉಬ್ಬುತ್ತದೆ. ನೀರು ಆರಿದಾಗ ಕುಗ್ಗಿ ಬಿರಿಯುತ್ತದೆ. ರಸ್ತೆಯ ಡಾಂಬರು ಅಲೆಅಲೆಯಾಗುವುದಕ್ಕೂ, ಅದರ ಅಂಚು ಮುರಿದು ಪಕ್ಕದ ಮಣ್ಣಿಗಿಂತ ಗೇಣುದ್ದ ಎತ್ತರದಲ್ಲಿ ನಿಲ್ಲುವುದಕ್ಕೂ ಇದೇ ಮುಖ್ಯ ಕಾರಣ. ಈ ನಾಡಿನಲ್ಲಿ ನೀರಾವರಿಯು ಹಬ್ಬಿದಂತೆ ಹೊಲದ ಹಾದಿಗಳು ಮಳೆಗಾಲ ಮುಗಿದ ಮೇಲೂ ಹಸಿಯಾಗಿಯೇ ಉಳಿಯತೊಡಗಿದವು. ೧೯೮೯ರಲ್ಲಿ ರೈತರು ತಮ್ಮ ವಂತಿಗೆಯಿಂದಲೂ ಶ್ರಮದಿಂದಲೂ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಕಟ್ಟಿಕೊಂಡ ಬ್ಯಾರೇಜು ಈ ಬದಲಾವಣೆಯ ಹೆಸರಾಂತ ಗುರುತು. ಆಲಮಟ್ಟಿಯ ಹಿನ್ನೀರು ಬೀಳಗಿ ತಾಲೂಕಿನ ಹಲವು ಊರುಗಳನ್ನು ಮುಳುಗಿಸಿ ಹಳೆಯ ದಾರಿಗಳನ್ನು ಅಳಿಸಿತು. ಕಬ್ಬು ಹೆಚ್ಚಿತು, ಸಕ್ಕರೆ ಕಾರಖಾನೆಗಳು ಎದ್ದವು, ಹಂಗಾಮಿನಲ್ಲಿ ರಸ್ತೆಗಳ ಮೇಲೆ ಎರಡೆರಡು ಟ್ರೇಲರುಗಳನ್ನು ಎಳೆಯುವ ಟ್ರಾಕ್ಟರುಗಳ ಸಾಲು ಹಗಲಿರುಳೂ ಸಾಗತೊಡಗಿತು. ಒಂದೇ ಗಾಡಿಯು ಬೆಳಿಗ್ಗೆ ಹೊಲದ ಕೆಸರಿನಲ್ಲಿಯೂ, ಮಧ್ಯಾಹ್ನ ವಿಜಾಪುರ-ಧಾರವಾಡದ ಹೆದ್ದಾರಿಯ ಮೇಲೆಯೂ ಓಡಬೇಕಾದ ಸೀಮೆ ಇದು. ನಮ್ಮ ವಿಷಯದ ತೊಡಕೆಲ್ಲವೂ ಈ ಎರಡು ನೆಲಗಳ ಭೇದದಲ್ಲಿಯೇ ಅಡಗಿದೆ.

ಜೀಪು ಹುಟ್ಟಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ೧೯೪೧ರಿಂದ ೧೯೪೫ರವರೆಗೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಅದನ್ನು ಲಕ್ಷಗಟ್ಟಲೆ ತಯಾರಿಸಿದವು. ಯುದ್ಧ ಮುಗಿದ ತರುವಾಯ ವಿಲ್ಲಿಸ್ ಕಂಪನಿಯು ಅದೇ ಅಚ್ಚಿನ ಗಾಡಿಯನ್ನು ನಾಗರಿಕರಿಗಾಗಿ ಮಾರತೊಡಗಿತು. ೧೯೫೩ರಲ್ಲಿ ಬಂದ ಸಿ.ಜೆ.-೩ಬಿ ಮಾದರಿ ಅವುಗಳಲ್ಲಿ ಒಂದು. ೧೯೪೫ರಲ್ಲಿ ಸ್ಥಾಪಿತವಾದ ಮಹೀಂದ್ರ ಸಂಸ್ಥೆಯು ಆ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೀಪಿನ ಬಿಡಿಭಾಗಗಳನ್ನು ತರಿಸಿ ಜೋಡಿಸಲಾರಂಭಿಸಿ, ಮುಂದೆ ಸಿ.ಜೆ.-೩ಬಿಯನ್ನು ಇಲ್ಲಿಯೇ ತಯಾರಿಸಿತು. ಜಮಖಂಡಿ, ಮುಧೋಳ ಸಂಸ್ಥಾನಗಳು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಕಾಲವೂ ಜೀಪು ಭಾರತದಲ್ಲಿ ಬೇರೂರಿದ ಕಾಲವೂ ಒಂದೇ.

ಈ ಗಾಡಿಯ ರಚನೆ ಸರಳ. ಏಣಿಯಾಕಾರದ ಚಾಸಿ, ಮುಂದೆಯೂ ಹಿಂದೆಯೂ ಗಟ್ಟಿ ಅಚ್ಚು, ನಾಲ್ಕು ಕಮಾನು ಪಟ್ಟಿಗಳು, ೯ ಅಂಗುಲ ವ್ಯಾಸದ ನಾಲ್ಕು ಡ್ರಮ್ ಬ್ರೇಕುಗಳು, ಅವೆಲ್ಲಕ್ಕೂ ಒಂದೇ ಮಾಸ್ಟರ್ ಸಿಲಿಂಡರು. ಎರಡು ಅಚ್ಚುಗಳ ನಡುವಣ ಅಂತರ ೮೦ ಅಂಗುಲ, ಅಂದರೆ ೨.೦೩ ಮೀಟರು. ಸಿ.ಜೆ.-೩ಬಿಯ ಪೆಟ್ರೋಲ್ ಎಂಜಿನಿನ ಗಾತ್ರ ೨,೧೯೯ ಘನ ಸೆಂಟಿಮೀಟರು. ಅದರ ಶಕ್ತಿ ಸುಮಾರು ೭೫ ಅಶ್ವಶಕ್ತಿ. ಅದರ ತಿರುಗುಬಲ, ಅಂದರೆ ಟಾರ್ಕು, ಸುಮಾರು ೧೫೫ ನ್ಯೂಟನ್-ಮೀಟರು. ಈ ಅಂಕಿಗಳನ್ನು ವಾಚಕರು ನೆನಪಿನಲ್ಲಿಡಬೇಕು.

೨. ಬದಲಾವಣೆಯ ಎರಡು ಹಂತಗಳು

ಎಂಜಿನು ಬದಲಿಸುವ ರೂಢಿಗೆ ಮೊದಲ ಪ್ರೇರಣೆ ಖರ್ಚಿನ ಉಳಿತಾಯ. ಪೆಟ್ರೋಲ್ ಎಂಜಿನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಸುಮಾರು ೭ ಪಟ್ಟು ಅದುಮಿದರೆ, ಡೀಸೆಲ್ ಎಂಜಿನಿನಲ್ಲಿ ಬರಿಯ ಗಾಳಿಯನ್ನು ೨೦ ಪಟ್ಟಿನ ಆಸುಪಾಸಿನಲ್ಲಿ ಅದುಮಲಾಗುತ್ತದೆ. ಹೆಚ್ಚು ಅದುಮಿದಷ್ಟೂ ಉಷ್ಣದ ಹೆಚ್ಚಿನ ಪಾಲು ಕೆಲಸವಾಗಿ ಮಾರ್ಪಡುತ್ತದೆ; ಆದಕಾರಣ ಅದೇ ದಾರಿಗೆ ಡೀಸೆಲ್ಲು ಕಡಿಮೆ ಸಾಕು. ೧೯೭೩ರ ನಂತರ ತೈಲದ ಬೆಲೆ ಏರಿದಾಗ ಈ ಭೇದವು ಪ್ರತಿಯೊಬ್ಬ ಜೀಪಿನ ಮಾಲಿಕನ ಕೈಗೂ ತಟ್ಟಿತು. ತಯಾರಕರೂ ಅದೇ ದಾರಿ ಹಿಡಿದರು. ಅಂತರ್ರಾಷ್ಟ್ರೀಯ ಹಾರ್ವೆಸ್ಟರ್ ಮೂಲದ ಟ್ರಾಕ್ಟರ್ ಎಂಜಿನಿನಿಂದ ಬೆಳೆದ ಡೀಸೆಲ್ ಎಂಜಿನು ಜೀಪಿಗೆ ಬಂದಿತು. ಆಮೇಲೆ ಫ್ರಾನ್ಸಿನ ಪ್ಯೂಜೋ ಕಂಪನಿಯ ಪರವಾನಿಗೆಯಿಂದ ೨,೧೧೨ ಘನ ಸೆಂಟಿಮೀಟರಿನ ಡೀಸೆಲ್ ಎಂಜಿನು ಬಂದಿತು. ಹಳೆಯ ಪೆಟ್ರೋಲ್ ಜೀಪುಗಳಲ್ಲಿಯೂ ಮಿಸ್ತ್ರಿಗಳು ಇಂಥವೇ ಎಂಜಿನುಗಳನ್ನು ಕೂಡಿಸತೊಡಗಿದರು. ಊರೂರಿಗೆ ಟ್ರಾಕ್ಟರು ಬಂದಿದ್ದ ಈ ಸೀಮೆಯಲ್ಲಿ ಡೀಸೆಲ್ ಎಂಜಿನಿನ ಕೆಲಸ ಬಲ್ಲವರಿಗೆ ಕೊರತೆಯಿರಲಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದುಂಟು. ಪ್ಯೂಜೋ ಎಂಜಿನಿನ ಶಕ್ತಿಯು ಸುಮಾರು ೬೨ ಅಶ್ವಶಕ್ತಿ. ಅಂದರೆ ತೆಗೆದುಹಾಕಿದ ಪೆಟ್ರೋಲ್ ಎಂಜಿನಿಗಿಂತ ಕಡಿಮೆ. ಟ್ರಾಕ್ಟರ್ ಎಂಜಿನಿನದು ಇನ್ನೂ ಕಡಿಮೆ. ಮೊದಲ ಹಂತದ ಬದಲಾವಣೆಯಿಂದ ಗಾಡಿಯ ತೂಕ ಹೆಚ್ಚಿತೇ ಹೊರತು ವೇಗ ಹೆಚ್ಚಲಿಲ್ಲ. ಗಾಡಿಯ ಇತರ ಅಂಗಗಳು ತಮ್ಮ ಮಿತಿಯೊಳಗೇ ಉಳಿದವು.

ಎರಡನೆಯ ಹಂತದ ಸ್ವರೂಪವೇ ಬೇರೆ. ಟರ್ಬೊ ಮತ್ತು ಕಾಮನ್ ರೈಲ್ ಎಂಬ ಏರ್ಪಾಡುಗಳುಳ್ಳ ಎಂಜಿನುಗಳು ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ದೇಶದ ಗಾಡಿಗಳಲ್ಲಿ ಸಾಮಾನ್ಯವಾದವು. ಟರ್ಬೊ ಎಂಬುದು ಹೊರಹೋಗುವ ಹೊಗೆಯ ಬಲದಿಂದಲೇ ತಿರುಗಿ ಒಳಕ್ಕೆ ಹೆಚ್ಚು ಗಾಳಿಯನ್ನು ತುಂಬುವ ಸಾಧನ. ಕಾಮನ್ ರೈಲ್ ಎಂಬುದು ಅತಿ ಹೆಚ್ಚಿನ ಒತ್ತಡದಲ್ಲಿ ಇಂಧನವನ್ನು ಸಿದ್ಧವಾಗಿಟ್ಟು, ವಿದ್ಯುತ್ ನಿಯಂತ್ರಣದಿಂದ ಬೇಕಾದ ಕ್ಷಣದಲ್ಲಿ ಬೇಕಾದಷ್ಟನ್ನೇ ಚಿಮ್ಮಿಸುವ ಏರ್ಪಾಡು. ಸ್ಕಾರ್ಪಿಯೊ ಗಾಡಿಯಲ್ಲಿ ಬಂದ ೨,೧೭೯ ಘನ ಸೆಂಟಿಮೀಟರಿನ ಎಂಹಾಕ್ ಎಂಜಿನನ್ನು ನಿದರ್ಶನಕ್ಕೆ ತೆಗೆದುಕೊಳ್ಳೋಣ. ಗಾತ್ರದಲ್ಲಿ ಅದು ಹಳೆಯ ಪೆಟ್ರೋಲ್ ಎಂಜಿನಿಗೆ ಹೆಚ್ಚುಕಡಮೆ ಸಮ. ಶಕ್ತಿಯಲ್ಲಿ ೧೨೦ ಅಶ್ವಶಕ್ತಿ. ತಿರುಗುಬಲದಲ್ಲಿ ೨೯೦ ನ್ಯೂಟನ್-ಮೀಟರು. ಅಪಘಾತಕ್ಕೊಳಗಾಗಿ ಗುಜರಿ ಸೇರಿದ ಗಾಡಿಗಳಿಂದ ಇಂಥ ಎಂಜಿನುಗಳು ದೊರೆಯತೊಡಗಿದಂತೆ ಅವು ಹಳೆಯ ಜೀಪುಗಳ ಒಡಲನ್ನು ಸೇರತೊಡಗಿದವು. ಇನ್ನು ಮುಂದೆ ನಾವು ವಿವೇಚಿಸುವುದು ಮುಖ್ಯವಾಗಿ ಈ ಎರಡನೆಯ ಹಂತವನ್ನು.

೩. ಕೆಸರಿನಲ್ಲಿ ಶಕ್ತಿಯ ಲೆಕ್ಕ

ಕೆಸರಿನಿಂದ ಹೊರಬರಲು ಹೆಚ್ಚಿನ ಎಂಜಿನು ಬೇಕೆಂಬುದು ಬಹುಜನರ ನಂಬಿಕೆ. ಲೆಕ್ಕವು ಬೇರೆ ಮಾತನ್ನು ಹೇಳುತ್ತದೆ. ಸಿ.ಜೆ.-೩ಬಿಯ ಮೊದಲ ಗೇರಿನ ಪ್ರಮಾಣ ೨.೮೦, ಟ್ರಾನ್ಸ್‌ಫರ್ ಕೇಸಿನ ಕೆಳ ಗೇರಿನ ಪ್ರಮಾಣ ೨.೪೬, ಅಚ್ಚಿನ ಹಲ್ಲುಚಕ್ರಗಳ ಪ್ರಮಾಣ ೫.೩೮. ಇವುಗಳ ಗುಣಲಬ್ಧ ೩೭. ಎಂಜಿನಿನ ೧೫೫ ನ್ಯೂಟನ್-ಮೀಟರು ಗಾಲಿಗಳಿಗೆ ಮುಟ್ಟುವಾಗ ಸುಮಾರು ೫,೭೦೦ ಆಗುತ್ತದೆ. ಹಲ್ಲುಚಕ್ರಗಳ ಘರ್ಷಣೆಗೆ ಐದರಲ್ಲಿ ಒಂದು ಪಾಲು ಕಳೆದರೂ ೪,೬೦೦ ಉಳಿಯುತ್ತದೆ.

ನೆಲವು ಎಷ್ಟನ್ನು ಸ್ವೀಕರಿಸಬಲ್ಲುದು? ಜನರನ್ನು ಹೊತ್ತ ಜೀಪಿನ ತೂಕವನ್ನು ೧,೪೦೦ ಕಿಲೊಗ್ರಾಮು ಎಂದೂ, ಗಾಲಿಯ ತ್ರಿಜ್ಯವನ್ನು ೦.೩೫ ಮೀಟರು ಎಂದೂ ಹಿಡಿಯೋಣ. ಒಣ ಡಾಂಬರಿನ ಘರ್ಷಣಾಂಕ ೦.೮ ಆದರೆ ನಾಲ್ಕೂ ಗಾಲಿಗಳು ಜಾರದೆ ಕೊಡಬಲ್ಲ ತಿರುಗುಬಲ ಸುಮಾರು ೩,೮೫೦ ನ್ಯೂಟನ್-ಮೀಟರು. ಹಸಿ ಎರಿ ಮಣ್ಣಿನಲ್ಲಿ ಘರ್ಷಣಾಂಕವು ೦.೩ಕ್ಕೆ ಇಳಿದರೆ ಅದು ೧,೪೪೦ ಮಾತ್ರ. ಅಂದರೆ ಹಳೆಯ ಎಂಜಿನೇ ಕೆಸರು ತಾಳಬಲ್ಲುದಕ್ಕಿಂತ ಮೂರು ಪಟ್ಟು ಬಲವನ್ನು ಗಾಲಿಗಳಿಗೆ ಕೊಡಬಲ್ಲುದು. ಹೊಸ ಎಂಜಿನು ಅದೇ ಗೇರುಗಳಿಂದ ಆರು ಪಟ್ಟು ಕೊಡುತ್ತದೆ. ಮೂರು ಪಟ್ಟಿಗೆ ಜಾರುವ ಗಾಲಿ ಆರು ಪಟ್ಟಿಗೂ ಜಾರುತ್ತದೆ. ಭೇದವಿಷ್ಟೇ, ಎರಡನೆಯದು ಇನ್ನಷ್ಟು ಬೇಗ ಗುಂಡಿ ತೋಡಿಕೊಳ್ಳುತ್ತದೆ. ಹೂತ ಗಾಲಿಗೆ ಥಟ್ಟನೆ ಕಲ್ಲೊಂದು ಸಿಕ್ಕಿ ಹಿಡಿತ ಬಂದಾಗ ಈ ಹೆಚ್ಚಿನ ಬಲವೆಲ್ಲವೂ ಅಚ್ಚಿನೊಳಗಿನ ಷಾಫ್ಟಿನ ಮೇಲೆ ಬೀಳುತ್ತದೆ. ೧೫೫ ನ್ಯೂಟನ್-ಮೀಟರಿಗೆಂದು ಅಳೆದು ಮಾಡಿದ ಷಾಫ್ಟು ಮುರಿಯುವುದು ಆಶ್ಚರ್ಯವಲ್ಲ.

ಕೆಸರಿನಲ್ಲಿ ನಿಜವಾಗಿ ನೆರವಾಗುವುದು ಟಾಯರಿನ ಕಚ್ಚು, ಅದರೊಳಗಿನ ಗಾಳಿಯ ಒತ್ತಡವನ್ನು ತಗ್ಗಿಸುವುದು, ನಿಧಾನವಾದ ಏಕರೀತಿಯ ನಡೆ, ಇವೇ. ಡೀಸೆಲ್ ಎಂಜಿನು ಕಡಿಮೆ ಸುತ್ತಿನಲ್ಲಿಯೂ ನಿಂತುಹೋಗದೆ ಎಳೆಯುವುದರಿಂದ ಈ ನಿಧಾನದ ನಡೆಗೆ ಅನುಕೂಲವೆಂಬುದನ್ನು ಒಪ್ಪತಕ್ಕದ್ದೇ. ಆ ಅನುಕೂಲವು ಮೊದಲ ಹಂತದ ಎಂಜಿನುಗಳಲ್ಲಿಯೇ ದೊರೆತಿತ್ತು. ಆದುದರಿಂದ ಎರಡನೆಯ ಹಂತದ ಎಂಜಿನು ಕೊಡುವ ಹೊಸ ಲಾಭ ಹೊಲದಲ್ಲಿಲ್ಲ. ಅದಿರುವುದು ಡಾಂಬರು ರಸ್ತೆಯ ಮೇಲೆ, ವೇಗದ ರೂಪದಲ್ಲಿ.

೪. ರಸ್ತೆಯ ಮೇಲೆ ವೇಗದ ಲೆಕ್ಕ

ಜೀಪಿನ ಗಾಲಿಯು ಒಂದು ಸುತ್ತಿಗೆ ಸುಮಾರು ೨.೨ ಮೀಟರು ಸಾಗುತ್ತದೆ. ಮೂರನೆಯ ಗೇರಿನಲ್ಲಿ ಎಂಜಿನು ೫.೩೮ ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು ತಿರುಗುತ್ತದೆ. ಎಂಜಿನು ನಿಮಿಷಕ್ಕೆ ೨,೫೦೦ ಸುತ್ತು ತಿರುಗಿದರೆ ಗಾಡಿಯ ವೇಗ ಗಂಟೆಗೆ ೬೧ ಕಿ.ಮೀ. ಆಗುತ್ತದೆ. ೨,೦೦೦ ಸುತ್ತಿಗೆ ಮೀರದ ಟ್ರಾಕ್ಟರ್ ಎಂಜಿನನ್ನು ಕೂಡಿಸಿದರೆ ಅದು ೪೯ ಕಿ.ಮೀ.ಗೇ ನಿಲ್ಲುತ್ತದೆ. ಪೆಟ್ರೋಲ್ ಎಂಜಿನು ಇನ್ನೂ ವೇಗವಾಗಿ ತಿರುಗಬಲ್ಲುದಾದರೂ ಅದರ ಗದ್ದಲ, ನಡುಕಗಳೇ ಚಾಲಕನ ಕಾಲನ್ನು ಹಿಂತೆಗೆಯುವಂತೆ ಮಾಡುತ್ತಿದ್ದವು.

ಹೊಸ ಎಂಜಿನನ್ನು ಕೂಡಿಸುವವರು ಅದರೊಡನೆ ಬಂದ ಐದು ಗೇರಿನ ಪೆಟ್ಟಿಗೆಯನ್ನೂ ಕೂಡಿಸುತ್ತಾರೆ. ಐದನೆಯ ಗೇರಿನ ಪ್ರಮಾಣ ಒಂದಕ್ಕಿಂತ ಕಡಿಮೆ; ೦.೮ ಎಂದು ಹಿಡಿಯೋಣ. ಹಲವರು ಅಚ್ಚಿನ ಹಲ್ಲುಚಕ್ರಗಳನ್ನೂ ಬದಲಿಸಿ ಅದರ ಪ್ರಮಾಣವನ್ನು ತಗ್ಗಿಸುತ್ತಾರೆ; ೪.೨೭ ಎಂದು ಹಿಡಿಯೋಣ. ಆಗ ಅದೇ ೨,೫೦೦ ಸುತ್ತಿಗೆ ಗಾಡಿಯ ವೇಗ ಗಂಟೆಗೆ ೯೭ ಕಿ.ಮೀ. ಆಗುತ್ತದೆ.

ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಹಳೆಯ ಜೀಪಿನ ಚಾಲಕನು ವೇಗವನ್ನು ಮುಳ್ಳು ನೋಡಿ ತಿಳಿಯುತ್ತಿರಲಿಲ್ಲ. ಎಂಜಿನಿನ ದನಿಯಿಂದ ತಿಳಿಯುತ್ತಿದ್ದನು. ಈಗ ಎಂಜಿನು ಅಷ್ಟೇ ಸುತ್ತು ತಿರುಗುತ್ತದೆ. ಅದರ ದನಿ ಮೊದಲಿಗಿಂತಲೂ ಮೃದು. ಗಾಡಿಯು ಮಾತ್ರ ಒಂದೂವರೆ ಪಟ್ಟಿಗಿಂತ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಇಪ್ಪತ್ತು ವರ್ಷ ಜೀಪು ನಡೆಸಿದವನ ಅನುಭವವೇ ಅವನನ್ನು ಇಲ್ಲಿ ತಪ್ಪುದಾರಿಗೆಳೆಯಬಲ್ಲುದು.

೫. ನಿಲ್ಲಿಸುವ ಲೆಕ್ಕ

ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುತ್ತದೆಂಬುದು ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ೧,೪೦೦ ಕಿಲೊಗ್ರಾಮಿನ ಗಾಡಿಯಲ್ಲಿ ೬೧ ಕಿ.ಮೀ. ವೇಗಕ್ಕೆ ಸುಮಾರು ೨೦೦ ಕಿಲೊಜೂಲು, ೯೭ ಕಿ.ಮೀ. ವೇಗಕ್ಕೆ ಸುಮಾರು ೫೦೮ ಕಿಲೊಜೂಲು ಶಕ್ತಿ ಇರುತ್ತದೆ. ಬ್ರೇಕು ಮಾಡುವ ಕೆಲಸವೆಂದರೆ ಇದನ್ನೆಲ್ಲ ಉಷ್ಣವಾಗಿ ಮಾರ್ಪಡಿಸುವುದು. ೯ ಅಂಗುಲದ ಡ್ರಮ್ಮು ಈಗ ಎರಡೂವರೆ ಪಟ್ಟು ಉಷ್ಣವನ್ನು ಸಹಿಸಬೇಕಾಗುತ್ತದೆ. ಡ್ರಮ್ಮು ಕಾದು ಹಿಗ್ಗಿದಾಗ ಅದಕ್ಕೂ ಲೈನರಿಗೂ ನಡುವಣ ಅಂತರ ಹೆಚ್ಚುತ್ತದೆ. ಲೈನರಿನ ಘರ್ಷಣಾಂಕ ತಗ್ಗುತ್ತದೆ. ಪೆಡಲು ಕೆಳಗಿಳಿದರೂ ಗಾಡಿ ನಿಲ್ಲದು. ಹಳ್ಳ ದಾಟಿ ನೀರು ಹೊಕ್ಕ ಡ್ರಮ್ಮಿನ ಗತಿಯೂ ಸ್ವಲ್ಪ ಹೊತ್ತು ಇದೇ.

ಬ್ರೇಕು ಸುಸ್ಥಿತಿಯಲ್ಲಿಯೇ ಇದ್ದು, ಪ್ರತಿ ಸೆಕೆಂಡಿಗೆ ವೇಗವನ್ನು ೪ ಮೀಟರು/ಸೆಕೆಂಡಿನಷ್ಟು ಇಳಿಸಬಲ್ಲುದೆಂದು ಎಣಿಸೋಣ. ಚಾಲಕನು ಕಂಡು ಕಾಲಿಡುವುದಕ್ಕೆ ಒಂದು ಸೆಕೆಂಡು ಹಿಡಿಯಲಿ. ೬೧ ಕಿ.ಮೀ. ವೇಗದಲ್ಲಿ ಆ ಸೆಕೆಂಡಿನಲ್ಲಿ ೧೭ ಮೀಟರು, ಆಮೇಲೆ ನಿಲ್ಲಲು ೩೬ ಮೀಟರು, ಒಟ್ಟು ೫೩ ಮೀಟರು ಬೇಕು. ೯೭ ಕಿ.ಮೀ. ವೇಗದಲ್ಲಿ ೨೭ ಮತ್ತು ೯೧ ಸೇರಿ ೧೧೮ ಮೀಟರು ಬೇಕು. ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕು ಕೂಡಿಸಿ ವೇಗದ ಇಳಿತವನ್ನು ೬.೫ಕ್ಕೆ ಏರಿಸಿದರೂ ೮೩ ಮೀಟರು ಬೇಕೇ ಬೇಕು. ಒಳ್ಳೆಯ ಬ್ರೇಕು ವೇಗದ ಅಪಾಯವನ್ನು ತಗ್ಗಿಸುತ್ತದೆ, ಅಳಿಸುವುದಿಲ್ಲ.

ಈ ಅಂಕಿಗಳ ಅರ್ಥ ಕಬ್ಬಿನ ಹಂಗಾಮಿನ ಇರುಳಿನಲ್ಲಿ ಸ್ಪಷ್ಟವಾಗುತ್ತದೆ. ಟ್ರೇಲರಿನ ಹಿಂಬದಿಯಲ್ಲಿ ಜೋತುಬಿದ್ದ ಕಬ್ಬು ಅದರ ಕೆಂಪು ದೀಪವನ್ನೂ ಹೊಳೆಯುವ ಪಟ್ಟಿಯನ್ನೂ ಮುಚ್ಚಿಬಿಡಬಲ್ಲುದು. ಹಿಂದೆ ಬರುವವನಿಗೆ ಅದು ಕಾಣುವುದು ತನ್ನ ದೀಪದ ಬೆಳಕು ಅದರ ಮೇಲೆ ಬಿದ್ದಾಗಲೇ. ದೀಪವು ೬೦ ಮೀಟರು ತೋರಿಸಿದರೆ ಹಳೆಯ ವೇಗದಲ್ಲಿ ಹೋಗುವವನು ನಿಲ್ಲಬಲ್ಲನು. ಹೊಸ ವೇಗದಲ್ಲಿ ಹೋಗುವವನು ನಿಲ್ಲಲಾರನು. ಎಂಜಿನು ಬದಲಾದಾಗ ದೀಪವು ಹಳೆಯದೇ ಉಳಿದಿದ್ದರೆ, ಆ ಗಾಡಿ ಇರುಳಿನಲ್ಲಿ ಕುರುಡು.

೬. ತೂಕ, ಎತ್ತರ, ತಿರುವು

ಬ್ರೇಕು ಹಾಕಿದಾಗ ಜಡತ್ವದ ಕಾರಣದಿಂದ ಗಾಡಿಯ ತೂಕದ ಒಂದು ಪಾಲು ಹಿಂದಿನ ಗಾಲಿಗಳಿಂದ ಮುಂದಿನ ಗಾಲಿಗಳಿಗೆ ಸರಿಯುತ್ತದೆ. ಗುರುತ್ವಕೇಂದ್ರದ ಎತ್ತರವನ್ನು ಅಚ್ಚುಗಳ ಅಂತರದಿಂದ ಭಾಗಿಸಿ, ವೇಗದ ಇಳಿತವು ಗುರುತ್ವದ ಎಷ್ಟು ಪಾಲೋ ಅದರಿಂದ ಗುಣಿಸಿದರೆ ಈ ಪಾಲು ದೊರೆಯುತ್ತದೆ. ಎತ್ತರ ೦.೬೫ ಮೀಟರು, ಅಂತರ ೨.೦೩ ಮೀಟರು, ಇಳಿತ ೦.೪ ಎಂದು ಹಿಡಿದರೆ ಸರಿಯುವ ಪಾಲು ನೂರಕ್ಕೆ ೧೩. ಅಚ್ಚುಗಳ ಅಂತರ ಕಡಿಮೆಯಿರುವ ಗಾಡಿಗಳಲ್ಲಿ ಈ ಪಾಲು ಹೆಚ್ಚು.

೧,೧೦೦ ಕಿಲೊಗ್ರಾಮಿನ ಬರಿದಾದ ಜೀಪಿನ ತೂಕ ಎರಡು ಅಚ್ಚುಗಳ ಮೇಲೆ ಸಮನಾಗಿ ಹಂಚಿದೆಯೆಂದಿಟ್ಟುಕೊಂಡರೆ, ಬ್ರೇಕು ಹಾಕಿದಾಗ ಹಿಂದಿನ ಅಚ್ಚಿನ ಮೇಲೆ ೫೫೦ರ ಬದಲು ಸುಮಾರು ೪೧೦ ಕಿಲೊಗ್ರಾಮು ಉಳಿಯುತ್ತದೆ. ಇದು ಒಟ್ಟು ತೂಕದ ನೂರಕ್ಕೆ ೩೭. ಹೊಸ ಎಂಜಿನು ಮತ್ತು ಅದರ ಪರಿಕರಗಳಿಂದ ಮುಂದಿನ ಅಚ್ಚಿನ ಮೇಲೆ ೧೦೦ ಕಿಲೊಗ್ರಾಮು ಹೆಚ್ಚಿದರೆ ಹಿಂದಿನ ಪಾಲು ನೂರಕ್ಕೆ ೩೩ಕ್ಕೆ ಇಳಿಯುತ್ತದೆ. ಆದರೆ ಬ್ರೇಕಿನ ಒತ್ತಡ ಮುಂದಕ್ಕೂ ಹಿಂದಕ್ಕೂ ಮೊದಲಿನಂತೆಯೇ ಹೋಗುತ್ತಿರುತ್ತದೆ. ಹಗುರಾದ ಹಿಂದಿನ ಗಾಲಿಗಳು ಮೊದಲು ಬಿಗಿದುಕೊಂಡು ಜಾರುತ್ತವೆ. ಜಾರುವ ಗಾಲಿಗೆ ಪಕ್ಕದ ಹಿಡಿತವಿರುವುದಿಲ್ಲ. ಗಾಡಿಯ ಹಿಂಭಾಗ ಮುಂಭಾಗವನ್ನು ಹಿಂದೆ ಹಾಕಲು ತಿರುಗುತ್ತದೆ. ಮಳೆಯಲ್ಲಿ ನೆಟ್ಟಗೆ ಹೋಗುತ್ತಿದ್ದ ಜೀಪು ಬ್ರೇಕು ಹಾಕಿದೊಡನೆ ಅಡ್ಡ ನಿಲ್ಲುವುದಕ್ಕೆ ಇದು ಒಂದು ಕಾರಣ.

ತಿರುವಿನಲ್ಲಿಯೂ ಇಂಥದೇ ಲೆಕ್ಕ. ಜೀಪಿನ ಎಡ ಬಲ ಗಾಲಿಗಳ ನಡುವಣ ಅಂತರ ಸುಮಾರು ೧.೨೩ ಮೀಟರು. ಅದರ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದರೆ ೦.೯೫ ಬರುತ್ತದೆ. ಪಕ್ಕದ ಬಲವು ಗಾಡಿಯ ತೂಕದ ೦.೯೫ ಪಟ್ಟು ಮೀರಿದರೆ ಗಾಡಿ ಮಗುಚುತ್ತದೆಂಬುದು ಇದರ ಅರ್ಥ. ದೊಡ್ಡ ಟಾಯರು ಕೂಡಿಸಲೆಂದೋ ಹೊಸ ಎಂಜಿನಿಗೆ ಜಾಗ ಮಾಡಲೆಂದೋ ಗಾಡಿಯನ್ನು ೮ ಸೆಂಟಿಮೀಟರು ಎತ್ತರಿಸಿದರೆ ಈ ಸಂಖ್ಯೆ ೦.೮೪ಕ್ಕೆ ಇಳಿಯುತ್ತದೆ. ೮೦ ಮೀಟರು ತ್ರಿಜ್ಯದ ತಿರುವನ್ನು ೬೧ ಕಿ.ಮೀ. ವೇಗದಲ್ಲಿ ಹಾಯಲು ಬೇಕಾದ ಪಕ್ಕದ ಬಲ ತೂಕದ ೦.೩೭, ೯೭ ಕಿ.ಮೀ. ವೇಗದಲ್ಲಿ ೦.೯೨. ಹಳೆಯ ವೇಗದಲ್ಲಿ ಅಪಾಯವು ದೂರದ ಮಾತು. ಹೊಸ ವೇಗದಲ್ಲಿ ಅದು ಬಾಗಿಲಿಗೇ ಬಂದು ನಿಲ್ಲುತ್ತದೆ.

ಟಾಯರಿನ ಹಿಡಿತವು ೦.೮ರ ಸುಮಾರಿನಲ್ಲಿಯೇ ಮುಗಿಯುವುದರಿಂದ ಗಾಡಿ ಮಗುಚುವ ಮೊದಲೇ ಜಾರುತ್ತದೆಂದು ಯಾರಾದರೂ ಸಮಾಧಾನ ಪಟ್ಟುಕೊಳ್ಳಬಹುದು. ಸಮತಟ್ಟಾದ ಡಾಂಬರಿನ ಮೇಲೆ ಅದು ನಿಜ. ಆದರೆ ನಮ್ಮ ಸೀಮೆಯಲ್ಲಿ ಜಾರಿದ ಗಾಡಿ ಸೇರುವುದು ರಸ್ತೆಯ ಅಂಚಿ‌ನಾಚೆಯ ಎರಿ ಮಣ್ಣನ್ನು. ಅಂಚಿನಿಂದ ಕೆಳಗಿಳಿದ ಗಾಲಿ ಹಸಿ ಮಣ್ಣಿನಲ್ಲಿ ಹೂತು ಪಕ್ಕಕ್ಕೆ ಸರಿಯಲಾರದೆ ನಿಲ್ಲುತ್ತದೆ. ಮೇಲಿನ ಒಡಲು ಮುಂದೆ ಸಾಗುತ್ತದೆ. ಆಗ ಮಗುಚುವಿಕೆಗೆ ತಡೆಯಿಲ್ಲ. ನೆಲದ ಗುಣವನ್ನು ಬಿಟ್ಟು ಗಾಡಿಯ ಗುಣವನ್ನು ಮಾತ್ರ ನೋಡುವ ಲೆಕ್ಕ ಅಪೂರ್ಣವೆಂಬುದಕ್ಕೆ ಇದು ಸಾಕ್ಷಿ.

೭. ಸ್ಟಿಯರಿಂಗು ಮತ್ತು ಷಾಫ್ಟು

ಸೈಕಲ್ಲಿನ ಮುಂದಿನ ಕವಲು ಹಿಂದಕ್ಕೆ ವಾಲಿರುವುದರಿಂದ ಅದರ ಗಾಲಿ ತಾನಾಗಿಯೇ ನೆಟ್ಟಗಾಗುತ್ತದೆ. ಜೀಪಿನ ಮುಂದಿನ ಗಾಲಿಗಳ ತಿರುಗುಗೂಟಕ್ಕೂ ಸುಮಾರು ೩ ಅಂಶದಷ್ಟು ಇಂಥದೇ ವಾಲುವಿಕೆ ಇದೆ. ಭಾರವಾದ ಎಂಜಿನಿನಿಂದ ಕಮಾನು ಪಟ್ಟಿ ಕುಸಿದರೆ, ಅಥವಾ ಕುಸಿದುದನ್ನು ಸರಿಪಡಿಸಲು ಪಟ್ಟಿಗಳನ್ನು ಹೇಗೆಂದರೆ ಹಾಗೆ ಏರಿಸಿದರೆ, ಅಚ್ಚು ತಿರುಚಿ ಈ ವಾಲುವಿಕೆ ಕೆಡುತ್ತದೆ. ಕೈಚಕ್ರ ತಾನಾಗಿ ಹಿಂದಿರುಗದು. ರಸ್ತೆಯ ತಗ್ಗಿಗೆ ಗಾಲಿಗಳು ಗಡಗಡನೆ ನಡುಗತೊಡಗುತ್ತವೆ. ಸ್ಟಿಯರಿಂಗ್ ಪೆಟ್ಟಿಗೆಯೂ ಜೋಡುಕಡ್ಡಿಗಳೂ ದಶಕಗಳ ಸವೆತದಿಂದ ಸಡಿಲವಾಗಿದ್ದರೆ ಆ ನಡುಕಕ್ಕೆ ತಡೆಯೇ ಇಲ್ಲ. ೫೦ ಕಿ.ಮೀ. ವೇಗದಲ್ಲಿ ಕಿರಿಕಿರಿಯಾಗಿದ್ದ ದೋಷ ೯೦ ಕಿ.ಮೀ. ವೇಗದಲ್ಲಿ ಪ್ರಾಣಾಂತಿಕವಾಗುತ್ತದೆ.

ಹೊಸ ಗೇರುಪೆಟ್ಟಿಗೆ ಹಳೆಯದಕ್ಕಿಂತ ಉದ್ದ. ಗಾಡಿಯ ಉದ್ದ ಮೊದಲಿನಷ್ಟೇ ಇರುವುದರಿಂದ ಹಿಂದಿನ ಪ್ರೊಪೆಲ್ಲರ್ ಷಾಫ್ಟು ಗಿಡ್ಡವಾಗಿ ಅದರ ಓರೆ ಹೆಚ್ಚುತ್ತದೆ. ಷಾಫ್ಟಿನ ತುದಿಯ ಜಾಯಿಂಟು ಓರೆಯಾಗಿ ತಿರುಗುವಾಗ ವೇಗ ಏಕರೀತಿಯಾಗಿರದೆ ಪ್ರತಿ ಸುತ್ತಿನಲ್ಲಿಯೂ ಎರಡು ಬಾರಿ ಏರಿ ಇಳಿಯುತ್ತದೆ. ಓರೆ ೧೦ ಅಂಶವಿದ್ದಾಗ ಈ ಏರಿಳಿತ ನೂರಕ್ಕೆ ಒಂದೂವರೆಯಷ್ಟು. ೨೫ ಅಂಶವಾದಾಗ ನೂರಕ್ಕೆ ಹತ್ತರಷ್ಟು. ಷಾಫ್ಟಿನ ಎರಡು ತುದಿಗಳ ಓರೆ ಸಮನಾಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಕಳೆಯುತ್ತದೆ. ಇಲ್ಲವಾದರೆ ನಡುಕ ಉಳಿದು ಜಾಯಿಂಟನ್ನು ತಿನ್ನುತ್ತದೆ.

೮. ತಯಾರಕರ ಉದಾಹರಣೆ ಮತ್ತು ಕಾನೂನು

ಜೀಪನ್ನು ತಯಾರಿಸಿದವರು ತಾವೇ ಎಂಜಿನನ್ನು ಬೆಳೆಸಿದಾಗ ಏನು ಮಾಡಿದರೆಂಬುದು ಬೋಧಪ್ರದ. ಅಮೆರಿಕೆಯಲ್ಲಿ ೧೯೭೨ರಲ್ಲಿ ಸಿ.ಜೆ.-೫ ಮಾದರಿಗೆ ದೊಡ್ಡ ಎಂಜಿನುಗಳನ್ನು ಕೂಡಿಸುವಾಗ ಅಚ್ಚುಗಳ ಅಂತರವನ್ನು ೩ ಅಂಗುಲ ಹೆಚ್ಚಿಸಿ, ಮುಂದಿನ ಅಚ್ಚನ್ನು ಇನ್ನೂ ಗಟ್ಟಿಯಾಗಿ ಮಾಡಿದರು. ನಮ್ಮ ದೇಶದಲ್ಲಿ ೨೦೧೦ರಲ್ಲಿ ಬಂದ ಥಾರ್ ಗಾಡಿಯು ಹಳೆಯ ಜೀಪಿನ ಮೈಕಟ್ಟನ್ನೇ ಉಳಿಸಿಕೊಂಡು ೧೦೫ ಅಶ್ವಶಕ್ತಿಯ ಕಾಮನ್ ರೈಲ್ ಎಂಜಿನನ್ನು ಹೊತ್ತಿತು. ಆದರೆ ಅದರ ಅಚ್ಚುಗಳ ಅಂತರ ೨.೪೩ ಮೀಟರು, ಮುಂದಿನ ಬ್ರೇಕುಗಳು ಡಿಸ್ಕಿನವು, ಮುಂದಿನ ಗಾಲಿಗಳು ಒಂದೇ ಅಚ್ಚಿಗೆ ಬಿಗಿಯದೆ ಪ್ರತ್ಯೇಕವಾಗಿ ಏರಿಳಿಯುವಂಥವು. ಎಂಜಿನು ಬೆಳೆದಾಗ ಗಾಡಿಯೆಲ್ಲವೂ ಬೆಳೆಯಬೇಕೆಂಬ ತತ್ತ್ವ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಕಾನೂನಿನ ನಿಲುವಿಗೂ ಇದೇ ತತ್ತ್ವ ಆಧಾರವೆನ್ನಬಹುದು. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮಿನ ಮೇರೆಗೆ, ನೋಂದಣಿ ಪತ್ರದಲ್ಲಿಯ ವಿವರಗಳು ತಯಾರಕನು ಮೂಲತಃ ನಿರ್ದಿಷ್ಟಪಡಿಸಿದವುಗಳಿಗಿಂತ ಭಿನ್ನವಾಗುವಂತೆ ಮಾಲಿಕನು ವಾಹನವನ್ನು ಮಾರ್ಪಡಿಸಕೂಡದು. ಇಂಧನದ ಬದಲಾವಣೆಯೇ ಮೊದಲಾದ ಕೆಲವು ಸಂದರ್ಭಗಳಿಗೆ ಮಾತ್ರ ಷರತ್ತುಗಳೊಡನೆ ಅವಕಾಶವಿದೆ. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಲಮಿನ ಅರ್ಥವನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಆದಕಾರಣ ಎಂಜಿನನ್ನು ಕೊಳ್ಳುವ ಮೊದಲೇ ನೋಂದಣಿ ಅಧಿಕಾರಿಯ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸತಕ್ಕದ್ದು. ಪುಸ್ತಕದಲ್ಲಿ ಒಂದು ಎಂಜಿನಿನ ಸಂಖ್ಯೆ, ಒಡಲಲ್ಲಿ ಇನ್ನೊಂದು ಎಂಬ ಗಾಡಿಯಿಂದ ಅಪಘಾತವಾದರೆ, ವಿಮೆಯ ವಿಷಯದಲ್ಲಿ ತಕರಾರು ಏಳುವುದಕ್ಕೆ ಅದೇ ಸಾಕು. ಅದರ ಭಾರ ಬೀಳುವುದು ಮಾಲಿಕನ ಮೇಲೆಯೂ ಗಾಯಗೊಂಡವರ ಮನೆಯವರ ಮೇಲೆಯೂ.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲಸದ ಕ್ರಮವೊಂದು ತಾನಾಗಿಯೇ ಹೊರಡುತ್ತದೆ. ಮೊದಲು ಬ್ರೇಕು: ಒಂದು ಕೊಳವೆ ಒಡೆದರೂ ಎರಡು ಗಾಲಿಗಳಾದರೂ ನಿಲ್ಲುವಂತೆ ಇಮ್ಮಡಿ ಮಾಸ್ಟರ್ ಸಿಲಿಂಡರು, ದೊಡ್ಡ ಡ್ರಮ್ಮು ಅಥವಾ ಡಿಸ್ಕು, ಹಿಂದಿನ ಬ್ರೇಕಿನ ಒತ್ತಡವನ್ನು ತಗ್ಗಿಸುವ ವಾಲ್ವು. ಎರಡನೆಯದು ಸ್ಟಿಯರಿಂಗು ಮತ್ತು ಕಮಾನು ಪಟ್ಟಿ. ಮೂರನೆಯದು ದೀಪ. ನಾಲ್ಕನೆಯದು ಅಚ್ಚು ಮತ್ತು ಷಾಫ್ಟು. ಎಂಜಿನಿನ ಸರದಿ ಬರುವುದು ಇವೆಲ್ಲವೂ ಆದ ಮೇಲೆ. ರೂಢಿಯಲ್ಲಿ ಇದು ತಲೆಕೆಳಗಾಗಿದೆ: ಮೊದಲು ಎಂಜಿನು ಬರುತ್ತದೆ, ಹಣ ಅಲ್ಲಿಗೆ ತೀರುತ್ತದೆ, ಉಳಿದುದನ್ನು ಮುಂದಿನ ಹಂಗಾಮಿಗೆ ನೋಡೋಣವೆಂದು ಗಾಡಿಯನ್ನು ರಸ್ತೆಗಿಳಿಸಲಾಗುತ್ತದೆ. ಹೊಲದ ಕೆಲಸಕ್ಕೆ ಮಾತ್ರ ಜೀಪು ಬೇಕಾದವರು ಹಳೆಯ ಎಂಜಿನನ್ನೋ ಮೊದಲ ಹಂತದ ಡೀಸೆಲ್ ಎಂಜಿನನ್ನೋ ದುರಸ್ತಿ ಮಾಡಿಸಿಕೊಂಡರೆ ಅವರಿಗೆ ಯಾವ ನಷ್ಟವೂ ಇಲ್ಲವೆಂಬುದನ್ನು ಮೂರನೆಯ ಪ್ರಕರಣದ ಲೆಕ್ಕ ತೋರಿಸಿಕೊಟ್ಟಿದೆ.

ಅಧ್ಯಾಪಕರಿಗೆ ಒಂದು ಸೂಚನೆ. ಚಲನಶಕ್ತಿ, ಘರ್ಷಣೆ, ಗುರುತ್ವಕೇಂದ್ರ, ಗೇರುಗಳ ಪ್ರಮಾಣ ಇವುಗಳನ್ನು ಕಲಿಸುವಾಗ ಊರಿನ ಗ್ಯಾರೇಜಿನ ಮುಂದೆ ನಿಂತ ಒಂದು ಜೀಪಿನ ಗಾಲಿಯ ಸುತ್ತಳತೆ, ಅಚ್ಚುಗಳ ಅಂತರ, ಎಡ ಬಲ ಗಾಲಿಗಳ ಅಂತರಗಳನ್ನು ವಿದ್ಯಾರ್ಥಿಗಳಿಂದಲೇ ಅಳೆಸಿ ಮೇಲಿನ ಲೆಕ್ಕಗಳನ್ನು ಮಾಡಿಸಬಹುದು. ನಾವಿಲ್ಲಿ ಹಿಡಿದ ಊಹೆಯ ಅಂಕಿಗಳ ಜಾಗದಲ್ಲಿ ಅವರು ಅಳೆದ ಅಂಕಿಗಳು ಬಂದರೆ ಲೆಕ್ಕ ಇನ್ನಷ್ಟು ನಿಖರವಾಗುತ್ತದೆ. ಆ ಗಾಡಿಯ ಮಿಸ್ತ್ರಿಯೂ ಪಕ್ಕದಲ್ಲಿ ನಿಂತು ಆ ಲೆಕ್ಕವನ್ನು ಕೇಳಿಸಿಕೊಂಡರೆ, ತರಗತಿಯ ವಿದ್ಯೆ ರಸ್ತೆಯ ಮೇಲೆ ಒಂದು ಜೀವವನ್ನಾದರೂ ಉಳಿಸೀತು.